ಕಾವಲು ಹಡಗಿನ ದಾಯಾದಿಗಳು

ಸಂಜಯ, ಲೋಹಿತ ಇಬ್ಬರೂ ಅಣ್ಣ-ತಮ್ಮಂದಿರ ಮಕ್ಕಳು. ಹಿರೇಬೆಂಡಿಗೇರಿಯಲ್ಲಿ ಅವರ ಹೊಲಗಳು ಒಂದಕ್ಕೊಂದು ಹತ್ತಿಕೊಂಡಿವೆ. ಒಂಬತ್ತು ವರ್ಷದ ಹಿಂದೆ ಲೋಹಿತನ ಅಪ್ಪ ಉಳವಪ್ಪ ಟ್ರ್ಯಾಕ್ಟರ್ ಹಾಯಿಸಿ ಬದುವನ್ನು ಸಂಜಯನವರ ಹೊಲದೊಳಕ್ಕೆ ಎರಡು ಮೊಳ ಸರಿಸಿದ. ತಡೆಯಲು ಹೋದ ಸಂಜಯನ ಅಪ್ಪನಿಗೆ ಗುದ್ದಲಿ ಕಾವಿನ ಏಟು ಬಿತ್ತು. ಅವನ ಬಲಗೈ ಇವತ್ತಿಗೂ ಭುಜದ ಮೇಲೆ ಏಳುವುದಿಲ್ಲ. ಆವತ್ತಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ.

ಇಬ್ಬರೂ ಬೇರೆ ಬೇರೆ ವರ್ಷ ನೌಕಾಪಡೆ ಸೇರಿದರು. ಆದರೆ ವರ್ಗಾವಣೆಯ ಕಾಗದ ಇಬ್ಬರನ್ನೂ ಒಂದೇ ಹಡಗಿಗೆ ತಂದು ಹಾಕಿತು. ಅದು ಫ್ರಿಗೇಟು ಎಂಬ ಬಗೆಯ ಹೊಸ ಯುದ್ಧನೌಕೆ. ಆಕಾಶದಿಂದ ಬರುವ ಕ್ಷಿಪಣಿ, ಡ್ರೋನ್‌ಗಳಿಂದ ಸರಕಿನ ಹಡಗುಗಳನ್ನು ಕಾಯುವುದು ಅದರ ಕೆಲಸ. ಸಂಜಯ ರಡಾರ್ ಪರದೆಯ ಮುಂದೆ, ಲೋಹಿತ ಪಕ್ಕದಲ್ಲೇ ಕ್ಷಿಪಣಿಯ ಪರದೆಯ ಮುಂದೆ. ಇಬ್ಬರೂ ಹಿಂದಿಯಲ್ಲೇ ವ್ಯವಹರಿಸುತ್ತಿದ್ದರು. ಕನ್ನಡಕ್ಕೆ ಇಳಿದರೆ ಬೈಗುಳವೇ ಮೊದಲು ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಹೋದ ಫೆಬ್ರುವರಿಯಲ್ಲಿ ಎರಡು ತೈಲದ ಹಡಗುಗಳಿಗೆ ಬೆಂಗಾವಲಾಗಿ ಹೊರಟಿದ್ದಾಗ, ಮಧ್ಯಾಹ್ನ ಪರದೆಯ ಮೇಲೆ ಒಂದು ಚುಕ್ಕಿ ಮೂಡಿತು. ಗುರುತು ಕೇಳಿದರೆ ಉತ್ತರವಿಲ್ಲ. ರೇಡಿಯೋದಲ್ಲಿ ಮೂರು ಸಲ ಎಚ್ಚರಿಸಿದರೂ ಸದ್ದಿಲ್ಲ. ನೇರ ಹಡಗಿನತ್ತಲೇ ಬರುತ್ತಿತ್ತು. ನಾಲ್ಕು ದಿನದ ಹಿಂದಷ್ಟೇ ಅದೇ ದಾರಿಯಲ್ಲಿ ಒಂದು ಸರಕಿನ ಹಡಗಿಗೆ ಡ್ರೋನ್ ಬಡಿದು ಬೆಂಕಿ ಹತ್ತಿತ್ತು.

ವೇಗ ನೋಡಿದರೆ ಡ್ರೋನೇ, ಅನುಮಾನವಿಲ್ಲ, ಎಂದು ಲೋಹಿತ ವರದಿ ಮಾಡಿದ. ಸಂಜಯನ ಕಡೆ ಕ್ಯಾಪ್ಟನ್ ತಿರುಗಿದರು. ಸಂಜಯ ಪರದೆಯ ಮೇಲಿನ ಎತ್ತರದ ಅಂಕಿಗೆ ಬೆರಳಿಟ್ಟ. ಹೊಡೆಯಲು ಬರುವುದು ಈ ಹೊತ್ತಿಗೆ ಕೆಳಗಿಳಿಯಬೇಕಿತ್ತು, ಇದು ಒಂದೇ ಎತ್ತರದಲ್ಲಿ ಸಾಗುತ್ತಿದೆ, ಜನ ಕೂತಿರುವ ವಿಮಾನವಿರಬಹುದು ಎಂದ.

ಆಗ ಲೋಹಿತ ತುಟಿ ಅಲುಗಿಸದೆ ಕನ್ನಡದಲ್ಲಿ ಅಂದ, "ನಿಮ್ಮಪ್ಪನಂಗ ನೀನೂ ಕೈಲಾಗದಾಂವ."

ಸಂಜಯ ತಿರುಗಿ ನೋಡಲಿಲ್ಲ. ಒಂದು ನಿಮಿಷ ಕೊಡಿ ಎಂದು ಕ್ಯಾಪ್ಟನ್‌ರನ್ನು ಕೇಳಿಕೊಂಡ. ನಲವತ್ತು ಸೆಕೆಂಡಿಗೆ ರೇಡಿಯೋ ಕರಕರ ಎಂದು, ಪೈಲಟನ ದನಿ ಕೇಳಿಸಿತು. ವಿಮಾನದ ವಿದ್ಯುತ್ ಕೆಟ್ಟು ರೇಡಿಯೋ ನಿಂತಿತ್ತಂತೆ, ಈಗಷ್ಟೇ ಮರಳಿ ಬಂತಂತೆ. ಒಳಗೆ ಹನ್ನೊಂದು ಮಂದಿ ಇದ್ದರು.

ಅನುಮಾನವನ್ನು ಖಚಿತವೆಂದು ಹೇಳಿದ್ದಕ್ಕೆ ಲೋಹಿತನಿಗೆ ಎಲ್ಲರೆದುರು ಛೀಮಾರಿ ಬಿತ್ತು. ನಡೆದದ್ದನ್ನು ಹಡಗಿನ ಹೊರಗೆ ಬಾಯಿ ಬಿಡಕೂಡದು ಎಂದು ಎಲ್ಲರಿಗೂ ಆಜ್ಞೆಯಾಯಿತು.

ಲೋಹಿತ ಮೊದಲು ರಜೆ ಮೇಲೆ ಊರಿಗೆ ಹೋದ. ಹತ್ತು ದಿನದ ನಂತರ ಸಂಜಯ ಶಿಗ್ಗಾಂವದಲ್ಲಿ ಬಸ್ಸಿಳಿದಾಗಲೇ ಗುರುತಿನವರ ನೋಟ ಬೇರೆಯಾಗಿತ್ತು. ಶತ್ರು ಕಣ್ಣೆದುರು ಬಂದರೂ ಸಂಜಯ ಅಂಜಿ ಹೊಡೆಯಗೊಡಲಿಲ್ಲ ಎಂದು ಉಳವಪ್ಪ ಗಿರಣಿಯ ಮುಂದೆ ನಿಂತು ಹೇಳಿದ್ದ. ಪಕ್ಕದೂರು ತಡಸದ ಚಹಾದಂಗಡಿಗೂ ಆ ಮಾತು ಮುಟ್ಟಿತ್ತು.

ಮನೆಯಲ್ಲಿ ಸಂಜಯನ ಅವ್ವ ಮಹಾದೇವಕ್ಕ ರೊಟ್ಟಿ ತಟ್ಟುತ್ತಲೇ ಕೇಳಿದಳು, "ಖರೇನ ಏನೋ?"

ಹೇಳಲು ಬರುವುದಿಲ್ಲ ಎಂದ.

"ಹೇಳಾಕ ಬರಂಗಿಲ್ಲ ಅಂದ್ರ ಖರೇನ ಇರಬೇಕು. ನಿಮ್ಮಪ್ಪನ ಕೈ ಮುರದವರ ಮುಂದ ನಮ್ಮ ಮಾರಿಗೆ ಮಸಿ ಬಳದಿ," ಎಂದು ತಾಟನ್ನು ಅವನತ್ತ ದೂಡಿ ಎದ್ದು ಹೋದಳು. ಅಪ್ಪ ಎಡಗೈಯಲ್ಲಿ ತುತ್ತು ಎತ್ತುತ್ತ ಉಂಡ.

ಮರುದಿನ ಬೆಳಿಗ್ಗೆ ಸಂಜಯ ಒಂಬತ್ತು ವರ್ಷದಲ್ಲಿ ಮೊದಲ ಸಲ ಉಳವಪ್ಪನ ಅಂಗಳಕ್ಕೆ ಕಾಲಿಟ್ಟ. ಲೋಹಿತ ಔಷಧ ಹೊಡೆಯುವ ಪಂಪು ಬಿಚ್ಚಿ ಕೂತಿದ್ದ.

"ಅದರಾಗ ಎಷ್ಟ ಮಂದಿ ಇದ್ರು ಅಂತ ನಿಮ್ಮಪ್ಪಗ ಹೇಳು."

"ಹೇಳಾಕ ಬರಂಗಿಲ್ಲ," ಲೋಹಿತ ನಕ್ಕ. "ನಿನಗೂ ಬರಂಗಿಲ್ಲ."

"ಸುಳ್ಳ ಹೇಳಾಕ ಮಾತ್ರ ಬರ್ತೈತಿ?"

ಲೋಹಿತನ ನಗು ಹೋಯಿತು. ಸ್ಪ್ಯಾನರ್ ಕೆಳಗಿಟ್ಟ. ಒಳಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದ, "ನನ್ನ ಮಾತ ನಡದಿದ್ರ ಆ ಹನ್ನೊಂದು ಮಂದಿ ಸಾಯ್ತಿದ್ರು. ನಿನ್ನ ಮಾರಿ ಕಂಡಾಗೊಮ್ಮೆ ಅದ ನೆನಪಾಗ್ತೈತಿ. ಬದುವಿನ ಜಗಳಕ್ಕಿಂತ ಈಗ ನಿನ್ನ ಮ್ಯಾಲಿನ ಸಿಟ್ಟ ಜಾಸ್ತಿ."

ಅಷ್ಟರಲ್ಲಿ ಉಳವಪ್ಪ ಬಡಿಗೆ ಹಿಡಿದು ಹೊರಬಂದು, ಯಾರನ್ನು ಕೇಳಿ ಒಳಗೆ ಬಂದೆ ಎಂದು ಗದರಿದ. ಸಂಜಯ ಲೋಹಿತನನ್ನೇ ನೋಡಿದ. ಲೋಹಿತ ತಲೆ ತಗ್ಗಿಸಿ ಪಂಪಿನ ಕೆಲಸಕ್ಕೆ ಕೈ ಹಾಕಿದ. ಉಳವಪ್ಪನ ಬಡಿಗೆ ನೆಲಕ್ಕೆ ಬಡಿಯಿತು. ಸಂಜಯ ಅಂಗಳ ದಾಟಿ ಓಣಿಗಿಳಿದ. ಬೆನ್ನ ಹಿಂದೆ ಯಾರೋ ಹೇಡಿ ಎಂದರು.

ಉಳಿದ ರಜೆಯನ್ನು ಅವನು ಊರಲ್ಲೇ, ತಲೆ ಎತ್ತಿ ಓಡಾಡಿ ಕಳೆದ. ಹೊರಡುವ ದಿನ ಅವ್ವ ಬುತ್ತಿ ಕಟ್ಟಿ ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು.

ಏಪ್ರಿಲಿನಲ್ಲಿ ಹಡಗು ಮತ್ತೆ ಕಡಲಿಗಿಳಿಯಿತು. ಜಾಗ ಬದಲಿಸಿಕೊಡಿ ಎಂದು ಇಬ್ಬರೂ ಗುಟ್ಟಾಗಿ ಅರ್ಜಿ ಕೊಟ್ಟಿದ್ದರು, ಎರಡೂ ತಿರಸ್ಕೃತವಾದವು. ಪಕ್ಕಪಕ್ಕದಲ್ಲೇ ಕೂತರು. ದಿಕ್ಕು, ಎತ್ತರ, ವೇಗ ಎಂದು ಸಂಜಯ ಅಂಕಿ ಹೇಳುತ್ತಿದ್ದ. ಲೋಹಿತ ಹಲ್ಲು ಕಚ್ಚಿ ಪ್ರತಿಯೊಂದನ್ನೂ ಎರಡೆರಡು ಸಲ ತಾಳೆ ನೋಡಿ, ಆಮೇಲೆ ವರದಿ ಮಾಡುತ್ತಿದ್ದ.