ಬಲಗಣ್ಣು ಕಿರಿಯಳಿಯನ ಕಾರ್ಡಿಗೆ

ನ್ಯಾಮತಿಯ ಕಸ್ತೂರಮ್ಮನಿಗೆ ಅಳಿಯಂದಿರ ಹುಚ್ಚು. ಗಂಡುಮಕ್ಕಳಿಲ್ಲದ ಹೆಂಗಸು. ಗಂಡ ಸತ್ತಾಗ ಬೀದಿಯವರು ಲೊಚಗುಟ್ಟಿದ್ದನ್ನು ಮರೆತವಳಲ್ಲ. ಊರವರ ಸೀರೆಗಳಿಗೆ ಕುಚ್ಚು ಕಟ್ಟಿ ಕಟ್ಟಿ, ಹೆಣ್ಣುಮಕ್ಕಳಾದ ಪ್ರೇಮಲತಾ, ಅನಿತಾ ಇಬ್ಬರನ್ನೂ ಓದಿಸಿ ದಡ ಮುಟ್ಟಿಸಿದಳು. ಈಗ ಯಾರಾದರೂ ಸೀರೆ ಹಿಡಿದು ಅವಳ ಜಗಲಿ ಹತ್ತಿದರೆ ಸಾಕು, ಸೆರಗಿನ ಎಳೆ ಬಿಡಿಸುವುದರೊಳಗೆ ಒಬ್ಬ ಅಳಿಯನ ಕಥೆ, ಗಂಟು ಹಾಕುವುದರೊಳಗೆ ಇನ್ನೊಬ್ಬನ ಕಥೆ. "ದೊಡ್ಡೋರು ಚನ್ನಗಿರಿ ಅಡಿಕೆ ಮಂಡೀಲಿ ರೈಟ್ರು, ಸಣ್ಣೋರು ಹೊನ್ನಾಳಿ ಹೈಸ್ಕೂಲಲ್ಲಿ ಮೇಷ್ಟ್ರು. ನಂಗಿನ್ನೇನು ಬೇಕು ಹೇಳ್ರಿ?" ಎನ್ನುವಳು. ಬೇಕಾದದ್ದು ಒಂದಿತ್ತು. ಕಣ್ಣು ಬೇಕಿತ್ತು. ಎರಡಕ್ಕೂ ಪೊರೆ ಬಂದು, ಹಸಿರು ದಾರ ಯಾವುದು, ನೀಲಿ ಯಾವುದು ಎಂದು ಪಕ್ಕದ ಮನೆಯ ಸೈದಾಬೀಯನ್ನು ಕೂಗಿ ಕೇಳುವಂತಾಗಿತ್ತು.

ಸೈದಾಬೀಗೂ ಒಂದು ಕಣ್ಣಿಗೆ ಪೊರೆ ಬಂದಿತ್ತು. ಆಕೆ ಊರಿಗೆ ಬಂದ ಉಚಿತ ಶಿಬಿರದಲ್ಲಿ ಹೆಸರು ಬರೆಸಿ, ಅವರದೇ ವ್ಯಾನಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಕಪ್ಪು ಕನ್ನಡಕ ಹಾಕಿಕೊಂಡು ವಾಪಸು ಬಂದಳು. "ನೀನೂ ಬಾ ಕಸ್ತೂರಕ್ಕ, ಬಸ್ ಚಾರ್ಜೂ ಇಲ್ಲ" ಎಂದು ಕರೆದಿದ್ದಳು ಕೂಡ. ಕಸ್ತೂರಮ್ಮ ಅಳಿಯಂದಿರಿಗೆ ಫೋನು ಹಚ್ಚಿದಳು. ಇಬ್ಬರೂ ಬೇಡವೇ ಬೇಡ, ದಾವಣಗೆರೆಯ ಖಾಸಗಿ ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋಗುತ್ತೇವೆ ಎಂದರು. ಅವತ್ತು ಬೀದಿಗೆಲ್ಲ ಅದೇ ಸುದ್ದಿ. "ನಮ್ಮತ್ತೆ ಪುಕ್ಕಟೆ ಸಾಲಲ್ಲಿ ನಿಲ್ಲಬಾರ್ದು ಅಂತಾರೆ ಕಣವ್ವ!" ಪುಕ್ಕಟೆ ಶಿಬಿರದಲ್ಲಿ ಬಿಲ್ಲಿಲ್ಲ, ಬಿಲ್ಲಿಲ್ಲದ ಕಡೆ ಕ್ರೆಡಿಟ್ ಕಾರ್ಡು ಉಜ್ಜುವಂತಿಲ್ಲ, ಉಜ್ಜದೆ ಬ್ಯಾಂಕಿನಿಂದ ದುಡ್ಡು ವಾಪಸು ಬರುವುದಿಲ್ಲ. ಅತ್ತೆಯ ಮರ್ಯಾದೆಯ ಮೇಲೆ ಅಳಿಯಂದಿರಿಗಿದ್ದ ಕಾಳಜಿ ಅಷ್ಟರದ್ದು.

ಷಡ್ಡಕರಿಬ್ಬರೂ ಕ್ರೆಡಿಟ್ ಕಾರ್ಡಿನ ಭಕ್ತರು. ದೇವರು ಮಾತ್ರ ಬೇರೆ ಬೇರೆ. ದೊಡ್ಡಳಿಯ ಸಿದ್ದಲಿಂಗೇಶನ ಕಾರ್ಡಿನಲ್ಲಿ ಉಪ್ಪು ಕೊಂಡರೂ ಸರಿ, ಬಂಗಾರ ಕೊಂಡರೂ ಸರಿ, ನೂರಕ್ಕೆ ಎರಡು ರೂಪಾಯಿ ವಾಪಸು. ತಿಂಗಳ ಮಿತಿ ದಾಟಿದರೆ ಮಾತ್ರ ಸೊನ್ನೆ. ಕಿರಿಯಳಿಯ ವಿನಯ್ ಕುಮಾರನ ಕಾರ್ಡಿಗೆ ಬೇರೆ ದಿನ ನೂರಕ್ಕೆ ಅರ್ಧ ರೂಪಾಯಿ ಬಂದರೆ ಹೆಚ್ಚು. ಆದರೆ ಅವನ ಬ್ಯಾಂಕಿನವರು ಮೂರು ಮೂರು ತಿಂಗಳಿಗೆ ಒಂದು ಬಾಬತ್ತು ಆರಿಸಿ, ಅದಕ್ಕೆ ನೂರಕ್ಕೆ ಹತ್ತು ಕೊಡುತ್ತಿದ್ದರು. ಒಮ್ಮೆ ಪೆಟ್ರೋಲು, ಒಮ್ಮೆ ದಿನಸಿ, ಹೀಗೆ. ಹಬ್ಬಕ್ಕೆ ನ್ಯಾಮತಿಯಲ್ಲಿ ಸೇರಿದರೆ ಎಲೆಯ ಮೇಲಿನ ಅನ್ನ ಆರುವತನಕ ಇದೇ ವಾದ.

"ನಿಮ್ಮ ಕಾರ್ಡು ದಿನಾ ಉಣ್ಣೋ ಮುದ್ದೆ ಅಣ್ಣಾ. ನಂದು ಹೋಳಿಗೆ."

"ಹೋಳಿಗೆ ವರ್ಷಕ್ಕೆ ಎಷ್ಟು ಸಲ ಮಾಡ್ತೀರಪ್ಪ? ಮುದ್ದೆ ಇಲ್ದಿದ್ರೆ ಮಾರನೇ ದಿನ ಮೇಲೇಳಾಕಾಗಲ್ಲ."

ಕಸ್ತೂರಮ್ಮ ತುಪ್ಪ ಬಡಿಸುತ್ತ ನಗುವಳು. ಇಬ್ಬರೂ ಕುಡಿಯುವುದಿಲ್ಲ, ಇಸ್ಪೀಟಾಡುವುದಿಲ್ಲ. ಈ ಒಂದು ಚಟ ಇದ್ದರೆ ಇರಲಿ ಎಂದುಕೊಂಡಿದ್ದಳು.

ಮೇ ತಿಂಗಳಲ್ಲಿ ಎಡಗಣ್ಣಿನ ಆಪರೇಶನ್ ಆಯಿತು. ಎರಡೂ ಕಣ್ಣಿನ ದುಡ್ಡನ್ನು ಒಂದೇ ಸಲ ಕಟ್ಟಿಬಿಡುತ್ತೇನೆ ಎಂದು ಸಿದ್ದಲಿಂಗೇಶ ಕೌಂಟರಿನಲ್ಲಿ ಕಾರ್ಡು ತೆಗೆದ. ವಿನಯ್ ಕುಮಾರ ಅವನ ರಟ್ಟೆ ಹಿಡಿದ. ಜುಲೈ ಒಂದರಿಂದ ಅವನ ಕಾರ್ಡಿಗೆ ಆಸ್ಪತ್ರೆಯ ಬಾಬತ್ತು ಬರುವುದಿತ್ತು. "ಒಂದು ಕಣ್ಣು ನೀವು ತಗೊಂಡ್ರಲ್ಲ ಅಣ್ಣಾ, ಬಲಗಣ್ಣು ನಂಗೆ ಬಿಡ್ರಿ!" ಎಂದ. ಸಾಲಿನಲ್ಲಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಗಾಲಿ ಕುರ್ಚಿಯಲ್ಲಿ ಕೂತಿದ್ದ ಕಸ್ತೂರಮ್ಮನಿಗೆ ಆ ಮಾತು ಕೇಳಿ ಎದೆ ತುಂಬಿ ಬಂತು. ಪಕ್ಕದಲ್ಲಿದ್ದ ನರ್ಸು, "ಪುಣ್ಯ ಮಾಡಿದ್ರಿ ಅಜ್ಜಿ, ಹೆತ್ತ ಮಕ್ಕಳೂ ಹಿಂಗೆ ಕಿತ್ತಾಡಲ್ಲ" ಎಂದಳು. ಕಣ್ಣಲ್ಲಿ ನೀರು ಬರಬಾರದು ಎಂದು ಡಾಕ್ಟರು ಹೇಳಿದ್ದನ್ನು ನೆನೆದು ಅಜ್ಜಿ ತಡೆದುಕೊಂಡಳು.

ಹೆಣ್ಣು ಕೊಟ್ಟವರು ಅಳಿಯನ ದುಡ್ಡು ತಿನ್ನಬಾರದು. ಅದು ಅವಳು ಹುಟ್ಟಿದ ಮನೆಯ ಕಟ್ಟಳೆ. ಮನೆಗೆ ಬಂದವಳೇ ಚೀಟಿಯಲ್ಲಿ ಎತ್ತಿಟ್ಟಿದ್ದ ಹಣವನ್ನು ಸಿದ್ದಲಿಂಗೇಶನ ಮುಂದಿಟ್ಟಳು. ಅವನು "ಛೆ ಛೆ, ಬೇಡ ಅತ್ತೆ" ಎಂದ, ಇನ್ನೊಮ್ಮೆಯೂ ಎಂದ, ಆಮೇಲೆ ಜೇಬಿಗಿಳಿಸಿದ. ಬಲಗಣ್ಣಿನ ದುಡ್ಡೂ ಹೀಗೆಯೇ ಸೀರೆಗಳ ಮಡಿಕೆಯಲ್ಲಿ ಸಿದ್ಧವಾಗಿತ್ತು. ದುಡ್ಡು ತನ್ನದು, ಹೆಸರು ಅಳಿಯಂದಿರದು. ಅವಳಿಗೆ ಬೇಕಾಗಿದ್ದುದೂ ಅದೇ. ಕೌಂಟರಿನಲ್ಲಿ ನಡೆದ ಜಗಳವನ್ನು ಅವಳು ಉಪ್ಪು ಖಾರ ಹಚ್ಚಿ ಎಷ್ಟು ಮನೆಗೆ ಹೇಳಿದಳೋ ಲೆಕ್ಕವಿಲ್ಲ.

ಜೂನ್ ನಡುವಿನಲ್ಲಿ ತಪಾಸಣೆಗೆ ವಿನಯ್ ಕುಮಾರ ಕರೆದುಕೊಂಡು ಹೋದ. ಎಡಗಣ್ಣು ಚೆನ್ನಾಗಿತ್ತು. ಬಲಗಣ್ಣು ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿದರು. "ಪೊರೆ ಉಬ್ಬಿಕೊಂಡಿದೆ. ಈ ವಾರವೇ ತೆಗೆಸಿ. ತಡವಾದರೆ ಒತ್ತಡ ಏರಿ ಕಣ್ಣಿನ ನರ ಸಾಯುತ್ತೆ, ಆಮೇಲೆ ಏನೂ ಮಾಡೋಕಾಗಲ್ಲ."

"ಜುಲೈ ಒಂದಕ್ಕೆ ಬರ್ತೀವಿ ಸಾರ್" ಎಂದ ವಿನಯ್ ಕುಮಾರ.

"ಅಷ್ಟು ದಿನ ಯಾಕೆ?"

"ಮನೇಲಿ ಸ್ವಲ್ಪ ತೊಂದ್ರೆ ಐತೆ ಸಾರ್."

ಮನೆಯಲ್ಲಿ ಯಾವ ತೊಂದರೆಯೂ ಇರಲಿಲ್ಲ. ಕಾರಿನಲ್ಲಿ ಬರುವಾಗ ಅವನೇ ಮುಚ್ಚುಮರೆಯಿಲ್ಲದೆ ಹೇಳಿದ. "ಈಗ ಮಾಡಿಸಿದ್ರೆ ಅರ್ಧ ರೂಪಾಯಿ ಅತ್ತೆ. ಒಂದನೇ ತಾರೀಕಿಂದ ಹತ್ತು. ಡಾಕ್ಟ್ರುಗಳು ಹೆದರಿಸ್ತಾರೆ, ಅದು ಅವ್ರ ಕಸುಬು." ಕಸ್ತೂರಮ್ಮನಿಗೆ ಮನಸ್ಸಿನಲ್ಲಿ ಅಳುಕಿತ್ತು. ಆದರೆ ದೊಡ್ಡಳಿಯನಿಗೆ ಒಂದು ಕಣ್ಣು ಕೊಟ್ಟಾಗಿದೆ, ಕಿರಿಯವನಿಗೆ ಇಲ್ಲ ಎನ್ನುವುದು ಹೇಗೆ? ದೀಪಾವಳಿಗೆ ಬಟ್ಟೆ ತಂದರೂ ಇಬ್ಬರಿಗೂ ಒಂದೇ ಥಾನಿನಿಂದ ಹರಿಸುತ್ತಿದ್ದ ಹೆಂಗಸು ಅವಳು. "ನಿಮ್ಮಿಷ್ಟದಂಗೆ ಆಗ್ಲಪ್ಪ" ಎಂದುಬಿಟ್ಟಳು.

ತಿಂಗಳ ಕೊನೆಗೆ ನೋವು ಶುರುವಾಯಿತು. ಹುಬ್ಬಿನ ಮೇಲೆ ಯಾರೋ ಗೂಟ ಹೊಡೆದಂತೆ. ಕಣ್ಣು ಕೆಂಡದಂತೆ ಕೆಂಪಾಯಿತು, ತಿಂದದ್ದೆಲ್ಲ ವಾಂತಿಯಾಯಿತು. ಕಿರಿಯ ಮಗಳು ಅನಿತಾಳಿಗೆ ಫೋನು ಮಾಡಿದರೆ ಅವಳು "ಇವ್ರಿಗೇ ಹೇಳಮ್ಮ" ಎಂದು ಗಂಡನ ಕೈಗೆ ಕೊಟ್ಟಳು.

"ಇನ್ನು ನಾಕೇ ದಿನ ಅತ್ತೆ. ತಣ್ಣೀರು ಬಟ್ಟೆ ಹಾಕ್ಕೊಂಡು ಮಲ್ಗಿರಿ. ನಾಕು ದಿನಕ್ಕೋಸ್ಕರ ಹತ್ತು ಪರ್ಸೆಂಟ್ ಕಳ್ಕೊಳ್ಳಾಕೆ ಆಗ್ತದೇನು?"

ಸಿದ್ದಲಿಂಗೇಶನಿಗೆ ಮಾಡಿದಳು. ಆ ತಿಂಗಳು ಜಗಳೂರಿನ ನೆಂಟರ ಮದುವೆಗೆ ಜವಳಿ ತೆಗೆಯಲು ಹೋದಾಗ, ಬೀಗರ ಕೈಯಿಂದ ನಗದು ಇಸಿದುಕೊಂಡು ಎಲ್ಲರ ಬಿಲ್ಲನ್ನೂ ತನ್ನ ಕಾರ್ಡಿಗೇ ಉಜ್ಜಿ, ಅವನು ತಿಂಗಳ ಮಿತಿಯನ್ನು ಒಂದೇ ಮಧ್ಯಾಹ್ನ ಮುಗಿಸಿದ್ದ. ಇನ್ನು ಉಜ್ಜಿದರೆ ಸೊನ್ನೆ. ಅದನ್ನು ಹೇಳುತ್ತಾನೆಯೇ? "ನಾನು ಬರಬೋದು ಅತ್ತೆ, ಆದ್ರೆ ವಿನಯನ ಸರದಿ ಅಲ್ವಾ? ನಾನು ನಡುವೆ ಬಾಯಿ ಹಾಕಿದ್ರೆ ಅವ್ನು ಬೇಜಾರು ಮಾಡ್ಕೊತಾನೆ" ಎಂದ. ಕಸ್ತೂರಮ್ಮನಿಗೆ ಇದು ಎಷ್ಟು ನ್ಯಾಯದ ಮಾತಾಗಿ ಕಂಡಿತೆಂದರೆ, ಅಷ್ಟು ನೋವಿನಲ್ಲೂ ದೊಡ್ಡಳಿಯನ ದೊಡ್ಡತನಕ್ಕೆ ಮನಸ್ಸಿನಲ್ಲೇ ಕೈ ಮುಗಿದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಇಲಿಯೇ ಬೆಕ್ಕುಗಳನ್ನು ಹರಸುತ್ತ ಕೂತಿತ್ತು.

ನರಳಾಟ ಕೇಳಿ ಸೈದಾಬೀ ಓಡಿ ಬಂದಳು. "ಯಾ ಅಲ್ಲಾ, ಇದೇನು ಕಣ್ಣು ಹಿಂಗಾಗೈತೆ! ಏಳಕ್ಕ, ಶಿವಮೊಗ್ಗದ ಬಸ್ಸು ಹತ್ತಾನ. ನಾನು ಬರ್ತೀನಿ, ನಿನ್ನ ಹತ್ರ ದುಡ್ಡೂ ಐತೆ."

"ಊರು ಏನಂತದೆ ಸೈದಾ? ಇಬ್ಬರು ಅಳಿಯಂದ್ರು ಇದ್ದೂ ಮುದುಕಿ ಒಬ್ಳೇ ಬಸ್ಸು ಹತ್ತಿದ್ಲು ಅನ್ನಲ್ವಾ?"

"ಊರಿನ ಮನೆ ಹಾಳಾಗ. ಕಣ್ಣು ನಿಂದು ಕಣಕ್ಕ."

ಕಸ್ತೂರಮ್ಮ ಏಳಲಿಲ್ಲ. ಎಷ್ಟು ಸಿಟ್ಟು ಬರುತ್ತದೆ ಅವಳ ಮೇಲೆ! ಕಾಲು ಗಟ್ಟಿಯಿತ್ತು, ದುಡ್ಡು ಮಡಿಕೆಯಲ್ಲಿತ್ತು, ಬಸ್ಸು ಮನೆಯ ಹಿಂದಿನ ರಸ್ತೆಯಲ್ಲೇ ಹೋಗುತ್ತಿತ್ತು. ಎರಡು ದಿನ ಕಳೆದ ಮೇಲೆ ನೋವು ತಾನಾಗಿ ಮಂದವಾಯಿತು. ವಾಸಿಯಾಯಿತು ಎಂದು ಹಿಗ್ಗಿ, ಎದ್ದು ಕೂತು ಎಡಗಣ್ಣು ಮುಚ್ಚಿ ನೋಡಿದಳು. ಬಾಗಿಲಾಚೆಯ ಬಿಸಿಲೂ ಕಾಣಲಿಲ್ಲ.

ಜುಲೈ ಒಂದಕ್ಕೆ ಹೇಳಿದ ಹೊತ್ತಿಗೆ ಸರಿಯಾಗಿ ವಿನಯ್ ಕುಮಾರನ ಕಾರು ಬಂತು. ಅನಿತಾ ಬಂದಿದ್ದಳು. ನೂರಕ್ಕೆ ಹತ್ತು ನಿಜವಾಗಿಯೂ ಬೀಳುತ್ತದೋ ಇಲ್ಲವೋ ಕಣ್ಣಾರೆ ನೋಡಲು ಸಿದ್ದಲಿಂಗೇಶನೂ ರಜೆ ಹಾಕಿ ಬಂದಿದ್ದ.

ಡಾಕ್ಟರು ಟಾರ್ಚು ಬಿಟ್ಟು, ಬೆಳಕು ಕಾಣುತ್ತದೆಯೇ ಎಂದು ಕೇಳಿದರು. ಇಲ್ಲ ಎಂದಳು. ಇನ್ನೊಂದು ಕಡೆಯಿಂದ ಬಿಟ್ಟರು. ಇಲ್ಲ ಎಂದಳು. ಅವರು ಟಾರ್ಚು ಮೇಜಿನ ಮೇಲಿಟ್ಟು ಅಳಿಯಂದಿರ ಕಡೆ ತಿರುಗಿದರು. "ಈ ನೋವು ಬಂದು ದಿನಗಟ್ಟಲೆ ಆಗಿದೆ. ಏನ್ ಮಾಡ್ತಾ ಇದ್ರಿ ನೀವು?"

"ಅತ್ತೆ ನಮಗೆ ಹೇಳೇ ಇಲ್ಲ ಸಾರ್" ಎಂದ ವಿನಯ್ ಕುಮಾರ. ಹೈಸ್ಕೂಲಿನಲ್ಲಿ ಪಾಠ ಮಾಡುವ ದನಿಯಲ್ಲೇ, ಒಂದು ಅಕ್ಷರವೂ ತೊದಲದೆ ಹೇಳಿದ.

ಜೀವನದಲ್ಲಿ ಮೊದಲ ಸಲ ಕಸ್ತೂರಮ್ಮನಿಗೆ ಅಳಿಯನ ಕೆನ್ನೆಗೆ ಬಾರಿಸಬೇಕು ಎನಿಸಿತು. ಬಾಯಿ ತೆರೆದಳು. ಬಾಗಿಲಲ್ಲಿ ಅದೇ ನರ್ಸು ನಿಂತಿದ್ದಳು, ಅವಳ ಹಿಂದೆ ಕಾಯುವವರ ಸಾಲು, ಎಲ್ಲರ ಕಿವಿ ಇತ್ತ ಕಡೆ. "ಹೂಂ ಸಾರ್, ನಾನೇ ಹೇಳಲಿಲ್ಲ" ಎಂದಳು.

ಒತ್ತಡ ಇಳಿಸಲು ಅವತ್ತೇ ಆಪರೇಶನ್ ಮಾಡಿದರು. ದೃಷ್ಟಿ ಬರುವುದಿಲ್ಲ ಎಂದು ಮೊದಲೇ ಹೇಳಿದ್ದರು, ಬರಲಿಲ್ಲ. ಮುಂದೆ ನೋವು ಮರುಕಳಿಸಿದರೆ ಗುಡ್ಡೆ ತೆಗೆದು ಕೃತಕ ಕಣ್ಣು ಕೂರಿಸಬೇಕಾಗುತ್ತದೆ ಎಂದರು. ಬಿಲ್ಲು ಎಣಿಸಿದ್ದಕ್ಕಿಂತ ದುಪ್ಪಟ್ಟಾಗಿತ್ತು. ವಿನಯ್ ಕುಮಾರ ಕಾರ್ಡು ಉಜ್ಜಿ, ಫೋನಿಗೆ ಬಂದ ಮೆಸೇಜನ್ನು ಷಡ್ಡಕನ ಮೂಗಿನ ಕೆಳಗೆ ಹಿಡಿದ. ಸಿದ್ದಲಿಂಗೇಶ ಅದನ್ನು ಓದಿ ಪೆಚ್ಚಾದ.

ಮರುದಿನ ವಾಪಸು ಹೊರಟಾಗ ಅಳಿಯಂದಿರು ಮುಂದೆ ಕೂತರು, ಅವ್ವ ಮಗಳು ಹಿಂದೆ. "ನೋವಿದ್ರೆ ಇನ್ನೊಂದು ಸಲ ಒತ್ತಿ ಹೇಳಾಕೆ ಏನಾಗಿತ್ತಮ್ಮ ನಿಂಗೆ?" ಎಂದು ಅನಿತಾ ದಾರಿಯುದ್ದಕ್ಕೂ ಗೊಣಗಿದಳು. ಕಸ್ತೂರಮ್ಮ ಬೆರಳಿನ ಸಂದಿಯಲ್ಲಿ ಸೆರಗಿನ ಎರಡು ಎಳೆ ಹಿಡಿದು ಗಂಟು ಹಾಕಲು ನೋಡುತ್ತಿದ್ದಳು. ಇಲ್ಲಿದೆ ಎಂದುಕೊಂಡ ಎಳೆ ಅಲ್ಲಿ ಇರುತ್ತಿರಲಿಲ್ಲ. ಒಂದು ಕಣ್ಣಿನಲ್ಲಿ ಹತ್ತಿರ ಯಾವುದು, ದೂರ ಯಾವುದು ತಿಳಿಯುತ್ತಿರಲಿಲ್ಲ.

ಹೊನ್ನಾಳಿ ಸೇತುವೆ ಬಂತು. ಸಿದ್ದಲಿಂಗೇಶ ಬಹಳ ಹೊತ್ತಿನಿಂದ ಫೋನಿನಲ್ಲಿ ಏನೋ ಹುಡುಕುತ್ತಿದ್ದವನು ತಲೆ ಎತ್ತಿದ.

"ಅಲ್ಲಪ್ಪ ವಿನಯ್, ಗಾಜಿನ ಕಣ್ಣು ಆಸ್ಪತ್ರೆ ಬಾಬತ್ತಿಗೆ ಬರ್ತದೋ, ಕನ್ನಡಕದಂಗಡಿ ಬಾಬತ್ತಿಗೋ?"

"ಅಂಗಡೀಲಿ ಮಾಡಿಸಿದ್ರೆ ನಿಮ್ಮ ಕಾರ್ಡೇ ವಾಸಿ ಅಣ್ಣಾ. ಆಸ್ಪತ್ರೇಲಾದ್ರೆ ಸೆಪ್ಟೆಂಬರ್ ಮುಗಿಯಾದ್ರೊಳಗೆ ಹಾಕಿಸ್ಬೇಕು. ಆಮೇಲೆ ಬಾಬತ್ತು ಬದಲಾಗ್ತದೆ."

ಕಸ್ತೂರಮ್ಮ ಸೆರಗು ಕೈಬಿಟ್ಟಳು. "ಇನ್ನೊಂದು ಉಳಿದೈತಲ್ರಪ್ಪ, ಎಡಗಡೇದು" ಎಂದಳು. "ಅದನ್ನ ಯಾರ ಕಾರ್ಡಿಗೆ ಕೀಳಿಸ್ತೀರಿ? ಅದನ್ನೂ ಈಗ್ಲೇ ಮಾತಾಡ್ಕೊಂಡ್ಬಿಡ್ರಿ."

ಸಿದ್ದಲಿಂಗೇಶ ಸೀಟಿನಲ್ಲಿ ಹಿಂದಕ್ಕೆ ತಿರುಗಿ, ಎಳೆ ಮಗುವಿಗೆ ತಿಳಿಹೇಳುವಂತೆ, ತಾಳ್ಮೆಯಿಂದ ಹೇಳಿದ.

"ಅದು ಮೇ ತಿಂಗ್ಳಲ್ಲೇ ನನ್ನ ಕಾರ್ಡಿಗೆ ಆಗೋಗೈತಲ್ಲ ಅತ್ತೆ."

ಕಸ್ತೂರಮ್ಮ ಮತ್ತೇನೋ ಹೇಳಲು ಹೋದಳು. ಅನಿತಾ ಅವ್ವನ ಕೈಯನ್ನು ಗಟ್ಟಿಯಾಗಿ ಅದುಮಿ, "ಸುಮ್ನಿರಮ್ಮ, ಅವ್ರು ಗಾಡಿ ಓಡಿಸ್ತಿದಾರೆ" ಎಂದಳು.