ಹಳ್ಳದ ಆಚೆಯ ಸಿಳ್ಳೆ

ಮಂಗಳವಾರ ಬೆಳಗಿನ ಐದು ಗಂಟೆ ನಲವತ್ತು ನಿಮಿಷಕ್ಕೆ ರುಬೇಲಿಯೋ ಲಿಕುಯ್‌ಗೆ ಗುಂಡು ತಗುಲಿತು. ಹಾರಿಸಿದವನು ಅವನ ಸೋದರಮಾವ ಗೆರ್ವಾಸಿಯೋ ನೊಟೇನೊ.

ಗೆರ್ವಾಸಿಯೋ ಕೋವಿ ಎತ್ತಿದ್ದು ಯುತು ಹಕ್ಕಿಗೆ. ಕೋಳಿ ಗಾತ್ರದ, ನೆಲದಲ್ಲೇ ಓಡಾಡುವ ಹಕ್ಕಿ. ನಸುಕಿನಲ್ಲಿ ಅದರ ನಡುಗುವ ಸಿಳ್ಳೆ ಕೇಳುತ್ತದೆಯೇ ಹೊರತು ಮೈ ಕಾಣುವುದಿಲ್ಲ. ಸಿಳ್ಳೆ ಬಂದ ಕಡೆ, ದೊಡ್ಡ ಮರದ ಹಲಗೆಬೇರುಗಳ ನಡುವೆ, ಕಂದು ಬಣ್ಣದ್ದೇನೋ ಅಲುಗಿತು. ಮೂವತ್ತು ಹೆಜ್ಜೆ ದೂರ. ಅರವತ್ತೊಂದು ವರ್ಷದ ಅವನು ಗುರಿ ಹಿಡಿದು ಗುಂಡು ಹಾರಿಸಿದ. ಮದ್ದಿನ ಹೊಗೆ ಇನ್ನೂ ಚದುರಿರಲಿಲ್ಲ, ಪರದೇಶದ ಹೆಂಗಸೊಬ್ಬಳು ಚೀರಿದ್ದು ಕೇಳಿತು.

ಆ ಜಾಗದಲ್ಲಿ ಆ ದಿನ ಯಾರೂ ಇರಬಾರದಿತ್ತು. ಊರಿನವರೇ ನಡೆಸುವ ಅತಿಥಿಗೃಹದಿಂದ ಪ್ರವಾಸಿಗರನ್ನು ಮಂಗಳವಾರ ಗಿಳಿಗಳು ಮಣ್ಣು ತಿನ್ನುವ ದಂಡೆಗೆ ಕರೆದೊಯ್ಯುವುದು ವಾಡಿಕೆ. ರಾತ್ರಿ ನಾಪೋ ನದಿ ಏರಿ ದಂಡೆ ಮುಳುಗಿತ್ತು. ಅದನ್ನು ಕಂಡ ಮಾರ್ಗದರ್ಶಿ ರುಬೇಲಿಯೋ ನಾಲ್ಕು ಜನ ಪ್ರವಾಸಿಗರನ್ನು ಕಾಡಿಗೆ ಕರೆತಂದು, ತಾಳೆಗರಿಯ ಮರೆಯಲ್ಲಿ ಕೂರಿಸಿ, ತಾನು ಮುಂದೆ ಹೋಗಿ ಬೇರುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಯುತುವನ್ನು ಕರೆಯುತ್ತಿದ್ದ. ಗೆರ್ವಾಸಿಯೋಗೆ ಇದು ತಿಳಿಯದು. ಅಷ್ಟಕ್ಕೂ ಹಳ್ಳದ ಆಚೆಯ ಆ ಕಾಡಿನಲ್ಲಿ ಅವನೂ ಇರಬಾರದಿತ್ತು. ಅಲ್ಲಿ ಬೇಟೆಯಾಡುವುದಿಲ್ಲ ಎಂದು ಹನ್ನೊಂದು ವರ್ಷದ ಹಿಂದೆ ಮೂವತ್ತನಾಲ್ಕು ಮನೆಯವರು ಸಭೆಯಲ್ಲಿ ಕೈ ಎತ್ತಿದ್ದರು. ಅವನೂ ಎತ್ತಿದ್ದ.

ಅವನನ್ನು ಹಳ್ಳ ದಾಟಿಸಿದ್ದು ಮಗ ಓಲ್ಮೆಡೊನ ಮದುವೆ. ಶನಿವಾರ ಬೀಗರ ಮುಂದೆ ಹೊಗೆಯಲ್ಲಿ ಒಣಗಿಸಿದ ಕಾಡಿನ ಮಾಂಸ ಇಡಬೇಕು. ಗಂಡಿನ ಕಡೆಯವರ ಮರ್ಯಾದೆ ಅದು. ಒಂಬತ್ತು ದಿನ ಹಳ್ಳದ ಈಚೆ ಅಲೆದು ಸಿಕ್ಕಿದ್ದು ಒಂದೇ ಆಮೆ. ನೊಟೇನೊ ಮನೆಯಲ್ಲಿ ಈ ಸಲ ಅಂಗಡಿಯ ಬಿಳಿ ಕೋಳಿಯಂತೆ, ಊಟ ನಾವೇ ಕಟ್ಟಿಕೊಂಡು ಬರೋಣವೇ ಎಂದು ಹೆಣ್ಣಿನ ಅಪ್ಪ ದೋಣಿಕಟ್ಟೆಯಲ್ಲಿ ಹತ್ತು ಜನರೆದುರು ಕೇಳಿದ್ದ. ಎಲ್ಲರೂ ನಕ್ಕಿದ್ದರು.

ಅದರ ಮೇಲೆ ಕನಸು. ಕತ್ತಲಿರುವಾಗಲೇ ಎದ್ದು ಒಲೆಯ ಸುತ್ತ ಗುವಾಯುಸ ಸೊಪ್ಪಿನ ಕಷಾಯ ಕುಡಿಯುತ್ತ ಮನೆಮಂದಿ ಕನಸು ಹೇಳಿಕೊಳ್ಳುತ್ತಾರೆ. ಕನಸಿನಲ್ಲಿ ಮನುಷ್ಯ ಎದುರು ಬಂದರೆ ಬೇಟೆ ಖಚಿತ. ಬಂದವನು ಸ್ವಂತ ರಕ್ತದವನಾದರೆ ಮಾತ್ರ ಆ ದಿನ ಕೋವಿ ಮುಟ್ಟಬಾರದೆಂದು ಗೆರ್ವಾಸಿಯೋನ ಅಜ್ಜಿ ಹೇಳುತ್ತಿದ್ದಳು. ಆ ಬೆಳಗ್ಗೆ ಒಲೆಯ ಎದುರು ತಂಗಿ ಎರ್ಲಿಂಡಾ ಇದ್ದಳು, ರುಬೇಲಿಯೋನ ತಾಯಿ. ಅತಿಥಿಗೃಹದ ಅಡುಗೆಗೆ ಹೋಗುವ ಮುನ್ನ ಅಣ್ಣನ ಮನೆಯಲ್ಲಿ ಒಂದು ಬಟ್ಟಲು ಕುಡಿದು ಹೋಗುವುದು ಅವಳ ರೂಢಿ. ಒಬ್ಬ ಗಂಡಸು ನಗುತ್ತ ತಬ್ಬಿಕೊಳ್ಳಲು ಬಂದ ಎಂದು ಗೆರ್ವಾಸಿಯೋ ಹೇಳಿದ. ಯಾರು ಎಂದು ಅವಳು ಕೇಳಿದಳು. ಮುಖ ಸರಿಯಾಗಿ ಕಾಣಲಿಲ್ಲ ಎಂದು ಕೋವಿಗೆ ಕೈ ಹಾಕಿದ.

ರುಬೇಲಿಯೋಗೆ ಸೀಸದ ಏಳು ಚರೆ ತಗುಲಿದ್ದವು. ಐದು ಭುಜದಲ್ಲಿ, ಎರಡು ಎದೆಯಲ್ಲಿ. ಗೆರ್ವಾಸಿಯೋ ಅಳಿಯನನ್ನು ಬೆನ್ನಿಗೆ ಹಾಕಿಕೊಂಡು ದಡಕ್ಕೆ ತಂದ. ಓಲ್ಮೆಡೊ ಮೋಟಾರು ದೋಣಿ ತೆಗೆದ. ಕೋಕಾ ಪಟ್ಟಣದ ಆಸ್ಪತ್ರೆ ಹೊಳೆಯ ಮೇಲುಗಡೆ, ಎರಡೂವರೆ ಗಂಟೆಯ ದಾರಿ. ಏರಿದ ನೀರಿನಲ್ಲಿ ದಿಮ್ಮಿಗಳು ತೇಲಿಬರುತ್ತಿದ್ದವು. ಒಂದೊಂದಕ್ಕೂ ವೇಗ ತಗ್ಗಿಸಬೇಕು. ಮೊದಲ ಗಂಟೆಯಲ್ಲಿ ಕಾಲು ಭಾಗ ದಾರಿಯೂ ಸಾಗಲಿಲ್ಲ. ಅತಿಥಿಗೃಹದಿಂದ ಓಡಿಬಂದು ದೋಣಿ ಹತ್ತಿದ್ದ ಎರ್ಲಿಂಡಾ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಗೆರ್ವಾಸಿಯೋ ತನ್ನ ಅಂಗಿಯನ್ನು ಮಡಿಸಿ ಎದೆಯ ಗಾಯಕ್ಕೆ ಒತ್ತಿ ಹಿಡಿದಿದ್ದ.

ರುಬೇಲಿಯೋ ಕಣ್ಣು ತೆರೆದ.

"ಮಾವ, ಯುತು ಅಂದ್ಕೊಂಡ್ಯಾ?"

"ಮಾತಾಡ್ಬೇಡ. ಸುಮ್ನಿರು."

"ನೀನೇ ಕಲಿಸಿದ ಸಿಳ್ಳೆ ಅಲ್ವಾ. ಮೇಷ್ಟ್ರೇ ಮೋಸ ಹೋದ್ರು ಅಂದ್ರೆ ನಾನು ಪಾಸು."

ನಗಲು ಹೋಗಿ ಕೆಮ್ಮಿದ. ಕೆಮ್ಮಿನಲ್ಲಿ ರಕ್ತ ಬಂತು. ಎರ್ಲಿಂಡಾ ತನ್ನ ಅಂಗಿಯ ತುದಿಯಿಂದ ಅವನ ಬಾಯಿ ಒರೆಸಿದಳು. ಆಮೇಲೆ ಅಣ್ಣನ ಕಡೆ ನೋಡಿದಳು.

"ಅಣ್ಣ, ಕನಸಲ್ಲಿ ಬಂದಿದ್ದು ಯಾರು?"

ಅವನು ನೀರು ನೋಡಿದ.

"ಇವನಿಗೂ ಕೇಳೋ ಹಾಗೆ ಹೇಳು."

"ಇವನೇ," ಎಂದ ಗೆರ್ವಾಸಿಯೋ. "ಮುಖ ಚೆನ್ನಾಗೇ ಕಾಣಿಸ್ತು."

ಎರ್ಲಿಂಡಾ ಗಾಯದ ಮೇಲಿದ್ದ ಅಣ್ಣನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು, ತನ್ನ ಕೈಯಿಂದ ಬಟ್ಟೆ ಒತ್ತಿ ಹಿಡಿದಳು. ಅವನು ದೋಣಿಯ ಮೂತಿಗೆ ಹೋಗಿ ಗಳ ಹಿಡಿದು ದಿಮ್ಮಿಗಳನ್ನು ತಳ್ಳುತ್ತ ನಿಂತ. ಹಿಂದಿರುಗಿ ನೋಡಲು ಧೈರ್ಯ ಸಾಲಲಿಲ್ಲ. ಅಳಿಯನ ಉಸಿರಿನ ಗೊರಗೊರ ಕೇಳುವವರೆಗೂ ಜೀವವಿದೆ ಎಂದುಕೊಂಡ. ಮೋಟಾರಿನ ಸದ್ದಿನಲ್ಲಿ ಅದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಒಂಬತ್ತು ಗಂಟೆ ಇಪ್ಪತ್ತೈದಕ್ಕೆ ಓಲ್ಮೆಡೊ ಮೋಟಾರು ಆರಿಸಿದ. ಪಟ್ಟಣಕ್ಕೆ ಇನ್ನೂ ಎರಡು ತಿರುವು ಇದ್ದವು.

ಪೊಲೀಸರು ಹೇಳಿಕೆ ಬರೆದುಕೊಂಡು, ಬುಡಕಟ್ಟು ಊರುಗಳ ವಾಡಿಕೆಯಂತೆ ತೀರ್ಪನ್ನು ಸದ್ಯಕ್ಕೆ ಊರಿಗೇ ಬಿಟ್ಟರು. ಶನಿವಾರದ ಮದುವೆ ಮುಂದಕ್ಕೆ ಹೋಯಿತು. ಭಾನುವಾರ ಸಭೆ ಸೇರಿತು. ಹೊರಗಿನ ಕಳ್ಳಬೇಟೆಗಾರರ ಕೆಲಸವೆಂದು ಪ್ರವಾಸ ಕಂಪನಿಗೆ ಹೇಳೋಣ, ಇಲ್ಲವಾದರೆ ಅತಿಥಿಗೃಹಕ್ಕೆ ಇನ್ನು ಯಾರೂ ಬರುವುದಿಲ್ಲ ಎಂದು ಅಧ್ಯಕ್ಷ ಸೂಚಿಸಿದ. ಕೆಲವರು ತಲೆಯಾಡಿಸಿದರು. ಎರ್ಲಿಂಡಾ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಗೆರ್ವಾಸಿಯೋ ಎದ್ದು, ಹಳ್ಳ ದಾಟಿದ್ದನ್ನೂ ಕನಸಿನಲ್ಲಿ ಅಳಿಯನ ಮುಖ ಕಂಡಿದ್ದನ್ನೂ ಹೇಳಿ ಕೂತ.

ಅವನ ಕೋವಿ ಊರಿನ ವಶವಾಯಿತು. ರುಬೇಲಿಯೋನ ನಾಲ್ಕು ವರ್ಷದ ಮಗಳಿಗೆ ಹದಿನೆಂಟು ತುಂಬುವವರೆಗೆ ಆ ಮನೆಯ ಹೊಲ ಸವರಿ ಕೊಡುವುದು ಅವನ ಪಾಲಿಗೆ ಬಂತು. ಕಂಪನಿ ಆ ವರ್ಷ ಮತ್ತೆ ಯಾರನ್ನೂ ಕಳುಹಿಸಲಿಲ್ಲ.

ಸಭೆಯ ಮರುದಿನ ಬೆಳಗ್ಗೆ ಆರು ಗಂಟೆಗೆ ಅವನು ಮಚ್ಚು ಹಿಡಿದು ಆ ಹೊಲಕ್ಕೆ ಹೋದ. ಕೆಲಸಕ್ಕೆ ಬಂದವರಿಗೆ ಮನೆಯವರು ಮರಗೆಣಸು ಹುಳಿಸಿ ಮಾಡಿದ ಚಿಚ ಕುಡಿಯಲು ಕೊಡಬೇಕು. ಅವನಿಗೆ ಯಾರೂ ಕೊಡಲಿಲ್ಲ. ಹೊಳೆಯ ನೀರು ಕುಡಿದು ಸಂಜೆಯವರೆಗೆ ಪೊದೆ ಕಡಿದ.