ಗೂಟದ ಮೇಲಿನ ಏಪ್ರನ್‌ಗಳು

ಲೊರೀನ್ ಹ್ಯಾಮ್ ಹೆಚ್ಚುತ್ತಿದ್ದಾಗ ಪೊಲೀಸ್ ಡೆಪ್ಯುಟಿ ಟೆರಿ ಪಕ್ಕಕ್ಕೆ ಬಂದು ಟೋಪಿ ತೆಗೆದ. ಚರ್ಚಿನ ನೆಲಮಾಳಿಗೆಯಲ್ಲಿ ಮಣ್ಣಿಗೆ ಬಂದವರ ಊಟ ನಡೆದಿತ್ತು. ನಲವತ್ತು ವರ್ಷ ಊರ ಶಾಲೆಯಲ್ಲಿ ಅಡುಗೆ ಮಾಡಿದ ಅವಳ ತಾಯಿ ಅಲ್ವಿನಾ ಮಂಗಳವಾರ ಒಲೆಯ ಮುಂದೆಯೇ ಕುಸಿದು ಹೋಗಿದ್ದಳು.

"ನಿಮ್ಮ ತಮ್ಮ ಡ್ವೇನ್ ಕೋವಿ ಇಟ್ಕೋಬಾರ್ದು ಅನ್ನೋ ಆರ್ಡರ್ ಭಾನುವಾರಕ್ಕೆ ಮುಗಿಯುತ್ತೆ, ಸೋಮವಾರ ವಾಪಸ್ ಕೊಡ್ಬೇಕು," ಎಂದ ಟೆರಿ. "ಕೋರ್ಟು ಇವತ್ತು ಐದರವರೆಗೆ ಮಾತ್ರ, ನಾಳೆ ರಜೆ. ನಿಮ್ಮಮ್ಮ ಇದ್ದಿದ್ರೆ ಇನ್ನೊಂದು ವರ್ಷಕ್ಕೆ ಬರೆಸ್ತಿದ್ರು."

"ನೀವೇ ಕೇಳಬಹುದಲ್ಲ?"

"ಜನರ ಕೋವಿ ಕೀಳೋ ಕಾಗದ ಮುಟ್ಟೋದೇ ಇಲ್ಲ ಅಂತ ಹೇಳಿ ಓಟು ಗೆದ್ದೋರು ನಮ್ಮ ಶೆರಿಫ್. ಮನೆಯೋರೇ ಕೇಳ್ಬೇಕು."

ಸೋದರಮಾವ ಆರ್ಲೆನ್‌ನ ಕಿವಿ ಚುರುಕು. "ಯಾರಿಗೂ ಒಂದೇಟು ಹೊಡೆದವನಲ್ಲ ಅವನು. ಬಾಯಿಗೆ ಬಂದ ಮಾತಿಗೆ ಅವರಪ್ಪನ ಕೋವಿನೂ ಕಿತ್ಕೊಂಡ್ರಿ. ನಾಳೆ ನಾನು ಹೆಂಡ್ತಿ ಮೇಲೆ ರೇಗಿದ್ರೆ ನನ್ನವೂ ಹೋಗುತ್ತಾ?"

"ನೀನು ರೇಗಿದ್ರೆ ಅತ್ತೆ ನಿನ್ನ ಪ್ಯಾಂಟೂ ಕಿತ್ಕೋತಾಳೆ, ಮಾವ."

ಸುತ್ತಲಿದ್ದವರು ನಕ್ಕರು. ಆರ್ಲೆನ್ ನಗಲಿಲ್ಲ. "ಒಡಹುಟ್ಟಿದವನ ಮೇಲೆ ನೀನೂ ಸಹಿ ಹಾಕ್ತೀಯಾ?"

ಮಾತು ನಾಟಿತು. ಬೆಳಿಗ್ಗೆ ಅವಳು ಅತ್ತಾಗ ಹೆಗಲು ಹಿಡಿದು ನಿಂತವನು ಡ್ವೇನೇ. ವರ್ಷದಿಂದ ಒಮ್ಮೆಯೂ ದನಿ ಏರಿಸಿದವನಲ್ಲ.

"ಸರಿಹೋಗಿದಾನೆ, ಟೆರಿ," ಎಂದಳು.

ಟೆರಿ ಟೋಪಿ ಹಾಕಿಕೊಂಡ.

*

ಹೋದ ವರ್ಷ ಮೇವಿನ ಗಿರಣಿಯ ಮಾಲೀಕ ಡೆಲ್ಬರ್ಟ್ ಡ್ವೇನನನ್ನು ಕೆಲಸದಿಂದ ತೆಗೆದಿದ್ದ. ಆ ರಾತ್ರಿ ಊಟಕ್ಕೆ ಕೂತಾಗ ಡ್ವೇನ್ ಹೇಳಿದ: "ಶುಕ್ರವಾರ ಶುಕ್ರವಾರ ಡೆಲ್ಬರ್ಟ್ ಎಲ್ರನ್ನೂ ಒಂದೇ ಕೋಣೇಲಿ ಸೇರಿಸ್ತಾನೆ. ಅದೂ ಒಳ್ಳೇದೇ, ಒಬ್ಬೊಬ್ಬರನ್ನೇ ಹುಡುಕಬೇಕಾಗಿಲ್ಲ."

ಮರುದಿನ ಅಲ್ವಿನಾ ಚರ್ಚಿಗೆ ಹಾಕುವ ಬೂಟು ಹಾಕಿಕೊಂಡು ನ್ಯಾಯಾಧೀಶರ ಮುಂದೆ ನಿಂತಳು. "ಅವನು ಕೂಗಾಡಿದ್ದಿದ್ರೆ ನಾನು ಬರ್ತಿರಲಿಲ್ಲ, ಸ್ವಾಮಿ. ಆಲೂಗಡ್ಡೆಗೆ ಉಪ್ಪು ಉದುರಿಸ್ಕೊಂಡು ಹೇಳಿದ."

ಕೋವಿಗಳು ಹೋದ ಸಂಜೆ ಹಿಂಬಾಗಿಲ ಗೋಡೆಯಲ್ಲಿ ಖಾಲಿ ಗೂಟಗಳು ಉಳಿದವು. ಅಲ್ವಿನಾ ಅವುಗಳಿಗೆ ತನ್ನ ನಾಲ್ಕು ಏಪ್ರನ್ ತೂಗುಹಾಕಿದಳು. ಮಗ ತಿಂಗಳುಗಟ್ಟಲೆ ಮಾತು ಬಿಟ್ಟ. ಅವಳು ಹೊತ್ತು ಹೊತ್ತಿಗೆ ಬಡಿಸುವುದನ್ನು ಬಿಡಲಿಲ್ಲ. ತಾಯಿ ಕರುಳು ಎಂದರೆ ಅದೇ ಇರಬೇಕು, ಕೋವಿ ಕಿತ್ತಿದ್ದೂ ಅದೇ, ಬಡಿಸಿದ್ದೂ ಅದೇ.

*

ನಾಲ್ಕು ಗಂಟೆಗೆ ಲೊರೀನ್ ಚರ್ಚಿನಿಂದ ಪಾತ್ರೆಗಳನ್ನು ಅಮ್ಮನ ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಅವು ಊರ ಹೆಂಗಸರು ಊಟ ತುಂಬಿ ತಂದಿದ್ದ ಪಾತ್ರೆಗಳು. ಯಾರದು ಯಾರದೆಂದು ಪ್ರತಿಯೊಂದರ ತಳದಲ್ಲೂ ಹೆಸರಿನ ಪಟ್ಟಿ ಅಂಟಿತ್ತು. ಹಿಂಬಾಗಿಲಲ್ಲಿ ಡ್ವೇನ್ ಇದ್ದ. ಗೂಟಗಳು ಖಾಲಿ. ಎಣ್ಣೆಬಟ್ಟೆಯಿಂದ ಒಂದೊಂದನ್ನೇ ಒರೆಸುತ್ತಿದ್ದ.

"ತಗೋ ಅಕ್ಕ, ಅಮ್ಮನವು. ನಿನ್ನ ಹತ್ರ ಇರ್ಲಿ." ನಾಲ್ಕೂ ಏಪ್ರನ್ ಅಂಚಿಗೆ ಅಂಚು ಕೂಡಿಸಿ ಮಡಚಿದ್ದ.

"ಅಷ್ಟೇನು ಅವಸರ?"

"ಸೋಮವಾರ ಜಾಗ ಬೇಕಲ್ಲ." ಬಟ್ಟೆ ಮಗುಚಿದ. "ಇಡೀ ಊರು ಬಂದಿತ್ತು ಮಣ್ಣಿಗೆ. ಡೆಲ್ಬರ್ಟ್ ಬರ್ಲಿಲ್ಲ. ನೋಡ್ಕೊಂಡೆ."

ದನಿ ಮೆತ್ತಗೇ ಇತ್ತು. ಲೊರೀನ್ ಏಪ್ರನ್‌ಗಳನ್ನು ಕಂಕುಳಿಗೆ ಸೇರಿಸಿ ಕಾರಿನ ಕೀಲಿ ಎತ್ತಿಕೊಂಡಳು. ಗೋಡೆ ಗಡಿಯಾರದಲ್ಲಿ ನಾಲ್ಕು ಹತ್ತು. ಕೋರ್ಟಿಗೆ ಇಪ್ಪತ್ತೈದು ಮೈಲಿ.

"ಎಲ್ಲಿಗೆ?"

"ಪಾತ್ರೆ ಅವರವರಿಗೆ ಕೊಟ್ಟು ಬರ್ತೀನಿ."

"ಹೋಗಿ ಬಾ," ಎಂದ ಡ್ವೇನ್.

ಕೋರ್ಟಿನ ಕಡೆಯ ಹೆದ್ದಾರಿ ಸೇರಿದ ಮೇಲೆ ಅವಳು ಪಕ್ಕದ ಸೀಟು ನೋಡಿದಳು. ಅಲ್ಲಿ ನಾಲ್ಕು ಏಪ್ರನ್ ಮಾತ್ರ ಇದ್ದವು. ಪಾತ್ರೆಗಳೆಲ್ಲ ಅಡುಗೆಮನೆಯ ಮೇಜಿನ ಮೇಲೆ, ಡ್ವೇನನ ಕಣ್ಣೆದುರಿಗೇ ಉಳಿದಿದ್ದವು.